ಮುನಿಶಾಮಣ್ಣನ ಹತ್ತು ಜೊತೆ ಎತ್ತು

ಊಟಕ್ಕೆ ಕೂತಿದ್ದಾಗ ಯಾರಾದರೂ ಬಂದು ಹಳ್ಳದಲ್ಲಿ ಗಾಡಿ ಹೂತುಕೊಂಡಿದೆ ಎಂದರೆ ಸಾಕು, ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಬಿಡುವ ಮನುಷ್ಯ ನಮ್ಮ ಮುನಿಶಾಮಣ್ಣ. ಕೈ ತೊಳೆಯುವುದು ಕೂಡ ಹಳ್ಳದ ನೀರಿನಲ್ಲೇ. ಬೇರೆಯವರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಓಡಾಡಿದರೆ ಇವನ ಹೆಗಲ ಮೇಲೆ ಕೊಕ್ಕೆಯಿದ್ದ ಕಬ್ಬಿಣದ ಸರಪಳಿ ಇರುತ್ತಿತ್ತು. ಅದರ ತುಕ್ಕು ಹತ್ತಿ ಅವನ ಅಂಗಿಗಳ ಎಡಭುಜವೆಲ್ಲ ಕೆಂಪು. ಅತ್ತಿಗೆ ಎಷ್ಟು ಕುಕ್ಕಿ ಒಗೆದರೂ ಹೋಗುತ್ತಿರಲಿಲ್ಲ. "ಹೋಗ್ದಿದ್ರೆ ಬಿಡೇ, ಪೊಲೀಸ್ನೋರ ಭುಜದ ಮೇಲೆ ಪಟ್ಟಿ ಇರಲ್ವಾ, ನಂದಿದು" ಎನ್ನುತ್ತಿದ್ದ.

ಅವನು ನಮ್ಮ ದೊಡ್ಡಪ್ಪನ ಮಗ, ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯ ಪಕ್ಕದ ನಮ್ಮೂರಿನಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಏನು ಬೇಯುತ್ತಿದೆ ಎಂಬುದು ಈ ಕಡೆ ವಾಸನೆಯಲ್ಲೇ ತಿಳಿಯುತ್ತಿತ್ತು. ದಾಯಾದಿ ಮತ್ಸರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವನ ವಿಷಯ ಬರೆಯಲು ಕೂತ ಮೇಲೆ ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಇತ್ತು. ಬಂದು ಹೋಗುವಂಥದ್ದಲ್ಲ, ಬೆಳಗ್ಗೆ ನನ್ನ ಜೊತೆಯಲ್ಲೇ ಎದ್ದು ನನ್ನ ಜೊತೆಯಲ್ಲೇ ಮಲಗುವಂಥದ್ದು.

ಮೊದಲು ಹಾಗಿರಲಿಲ್ಲ. ಐವತ್ತರ ದಶಕದ ಮೊದಲಲ್ಲಿ ಊರಿನವರು ಬರುತ್ತಿದ್ದುದು ನನ್ನ ಬಾಗಿಲಿಗೆ. ನನ್ನ ಹತ್ತಿರ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ಕರಿಯ, ಬಿಳಿಯ ಎಂದು ಹೆಸರು, ಆದರೆ ಎರಡೂ ಬೂದು ಬಣ್ಣದವೇ. ಮಳೆಗಾಲದಲ್ಲಿ ಊರ ಮುಂದಿನ ಹಳ್ಳ ಬಂದರೆ ಅದರ ಮರಳಿನಲ್ಲಿ ವಾರಕ್ಕೊಂದು ಗಾಡಿಯಾದರೂ ಸಿಕ್ಕಿಕೊಳ್ಳುತ್ತಿತ್ತು. ಆಗ "ನಾಣಪ್ಪಾ, ಒಸಿ ಎತ್ತು ಬಿಡಪ್ಪ" ಎಂದು ಬಂದು ನಿಲ್ಲುತ್ತಿದ್ದರು. ನಾನು ಬೇಕೆಂದೇ ನಿಧಾನವಾಗಿ ಎಲೆಯಡಿಕೆ ಹಾಕಿಕೊಂಡು ಏಳುತ್ತಿದ್ದೆ. ಕಾಯಿಸುವುದರಲ್ಲೂ ಒಂದು ಸುಖ ಇತ್ತು. ಗಾಡಿ ದಡ ಹತ್ತಿದ ಮೇಲೆ ಜನ ಎತ್ತಿನ ಬೆನ್ನು ತಟ್ಟಿದರೆ ನನ್ನ ಬೆನ್ನನ್ನೇ ತಟ್ಟಿದ ಹಾಗಾಗುತ್ತಿತ್ತು. ದುಡ್ಡು ಮುಟ್ಟುತ್ತಿರಲಿಲ್ಲ. ಅವರು ನನ್ನ ಬಾಗಿಲಿಗೆ ಬಂದರಲ್ಲ, ಅದೇ ನನಗೆ ಸಾಕಾಗಿತ್ತು.

ಮುನಿಶಾಮಣ್ಣ ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ ಎಲ್ಲೋ ಅಸ್ಸಾಮಿನ ಕಡೆ ಲಾರಿ ಓಡಿಸಿ ಬಂದವನು. ಒಂದು ವರ್ಷ ಅವನ ಆಲೂಗಡ್ಡೆಗೆ ಒಳ್ಳೆ ಬೆಲೆ ಸಿಕ್ಕಿತು, ಅದರ ಹಿಂದೆಯೇ ರೇಷ್ಮೆ ಗೂಡಿಗೂ ಸಿಕ್ಕಿತು. ಬೇರೆಯವರಾಗಿದ್ದರೆ ಮಾಳಿಗೆ ಎತ್ತರಿಸುತ್ತಿದ್ದರು. ಇವನು ಬೆಂಗಳೂರಿಗೆ ಹೋಗಿ ಒಂದು ಪಿಕಪ್ ಗಾಡಿ ತಂದ. ಆಗ ನಮ್ಮ ಕಡೆ ಓಡುತ್ತಿದ್ದ ಲಾರಿಗಳೆಲ್ಲ ಮಿಲಿಟರಿಯವರು ಮಾರಿದ ಹಳೇ ಮಾಲು. ಇವನದು ಹೊಚ್ಚ ಹೊಸದು. ಮುಂದೆ ಮೂವರು ಕೂರುವ ಜಾಗ, ಹಿಂದೆ ತೆರೆದ ತೊಟ್ಟಿ, ನನ್ನ ಸೊಂಟದ ತನಕ ಬರುವ ಟೈರು. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಕಡ್ಡಿ. ಅದನ್ನು ಹಿಂದಕ್ಕೆ ಎಳೆದರೆ ಮುಂದಿನ ಚಕ್ರಗಳೂ ಸೇರಿ ನಾಲ್ಕೂ ದುಡಿಯುತ್ತವಂತೆ. ಹಿಂದೆ ಟ್ರೈಲರ್ ಕಟ್ಟಲು ಹೆಬ್ಬೆರಳಿನ ಮೂರು ಪಟ್ಟು ದಪ್ಪದ ಕೊಂಡಿ.

ಅದು ಬಂದ ದಿನ ನಾನು ನೋಡಲು ಹೋಗುವುದಿಲ್ಲ ಎಂದು ಕೂತಿದ್ದೆ. ನನ್ನ ಹೆಂಡತಿ ಜಯಮ್ಮ, "ಹೋಗ್ಬನ್ನಿ, ಹೋಗ್ದಿದ್ರೆ ಹೊಟ್ಟೆಕಿಚ್ಚು ಅಂತಾರೆ" ಎಂದಳು. ಹೋದೆ. ಟೈರಿಗೆ ಕಾಲಿನಿಂದ ಒಂದು ಒದೆ ಕೊಟ್ಟು, "ಎಷ್ಟು ಎಳೀತೈತೆ ಅಣ್ಣಯ್ಯ ಇದು?" ಎಂದು ಕೇಳಿದೆ.

ಮುನಿಶಾಮಣ್ಣನಿಗೆ ಟನ್ನು, ಕುದುರೆ ಶಕ್ತಿ ಎಲ್ಲ ಗೊತ್ತಿತ್ತು. ಆದರೂ ಅವನು ಭಾರವನ್ನೆಲ್ಲ ಎತ್ತಿನ ಲೆಕ್ಕದಲ್ಲೇ ಹೇಳುತ್ತಿದ್ದ. "ಹತ್ತು ಜೊತೆ ಕಣೋ ನಾಣಿ. ನಿನ್ನ ಕರಿಯ ಬಿಳಿಯನಂಥವು ಹತ್ತು ಜೊತೆ ಕಟ್ಟು, ಇದರ ಒಂದು ಕೊಂಡಿಗೆ ಸಮ" ಎಂದ. ಹೆಮ್ಮೆಯಿಂದ ಹೇಳಿದನೇ ಹೊರತು ಚುಚ್ಚಲಿಕ್ಕೆ ಹೇಳಿದ್ದಲ್ಲ. ನನಗೆ ಮಾತ್ರ ಚುಚ್ಚಿತು.

ಅಷ್ಟರಲ್ಲಿ ಅವನ ತಾಯಿ, ನಮ್ಮ ದೊಡ್ಡಮ್ಮ, ಗಾಡಿಗೆ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹಿಡಿದುಕೊಂಡು ಬಂದಳು. ನೆರೆದವರ ಕಾಲಡಿಯ ಮಣ್ಣು ಚಿಟಿಕೆ ಚಿಟಿಕೆ ತೆಗೆದುಕೊಳ್ಳುತ್ತ ನನ್ನ ಮುಂದೆ ನಿಂತಳು.

"ನಾಣಿ, ಒಂಚೂರು ಕಾಲೆತ್ತಪ್ಪ."

ಎತ್ತಿದೆ. ಅವಳು ಬಗ್ಗಿ ಒಂದು ಹಿಡಿ ಮಣ್ಣು ಬಾಚಿಕೊಂಡಳು.

"ಎಲ್ಲರದ್ದೂ ಚಿಟಿಕೆ, ನಂದು ಹಿಡಿ ಯಾಕೆ ದೊಡ್ಡಮ್ಮ?"

"ಸ್ವಂತದೋನಲ್ವಾಪ್ಪ ನೀನು" ಎಂದಳು ದೊಡ್ಡಮ್ಮ.

ಗಾಡಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಸುಟ್ಟು ಕರಕಲಾಯಿತು, ಒಬ್ಬರಿಗೂ ಕೆಮ್ಮು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿಯೇ ಬಿದ್ದಿದೆ ಎಂದು ನಮ್ಮ ಕಡೆ ಅರ್ಥ. ಎಲ್ಲರೂ ನನ್ನ ಕಡೆ ನೋಡಿದರು. ಮುನಿಶಾಮಣ್ಣ ಒಬ್ಬನೇ ನಕ್ಕು, "ಅವ್ನ ಕಣ್ಣು ಬಿದ್ರೇನೇ ಗಾಡಿಗೊಂದು ಗತ್ತು ಬಿಡಮ್ಮ" ಎಂದು ನನ್ನ ಹೆಗಲ ಮೇಲೆ ಕೈ ಹಾಕಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಿಡ್ಲಘಟ್ಟದ ತನಕ ಹೋಗಿ ಬಂದ. ದಾರಿಯುದ್ದಕ್ಕೂ ಜನ ನೋಡಿದ್ದು ಅವನನ್ನು. ನಾನು ಪಕ್ಕದಲ್ಲಿ ಇಟ್ಟ ಮೂಟೆ.

ಅವನು ಗಾಡಿ ಎಳೆಯುವ ರೀತಿ ಮಾತ್ರ ನೋಡುವ ಹಾಗಿರುತ್ತಿತ್ತು. ಇದನ್ನು ನಾನು ಹೊಟ್ಟೆ ಉರಿದುಕೊಂಡೇ ಹೇಳುತ್ತಿದ್ದೇನೆ. ಸರಪಳಿ ಸಿಕ್ಕಿಸಿ ಒಂದೇ ಸಲಕ್ಕೆ ನುಗ್ಗುವವನಲ್ಲ. ಕೂದಲೆಳೆಯಷ್ಟು ಮುಂದೆ ಹೋಗಿ, ಸರಪಳಿ ನೆಲದಿಂದೆದ್ದು ಬಿಗಿಯಾಗುವ ತನಕ ಕಾಯುತ್ತಿದ್ದ. ಬಾಗಿಲಿನಿಂದ ತಲೆ ಹೊರಗೆ ಹಾಕಿ ಅದರ ಸದ್ದು ಕೇಳುತ್ತಿದ್ದ. ಕಿರ್ರೆಂದರೆ ಇನ್ನೂ ಬೇಡ ಎಂದು, ಸದ್ದಡಗಿ ತಂತಿಯಂತೆ ನಿಂತರೆ ಈಗ ಎಂದು ಅರ್ಥ. "ಜಗ್ಗಬಾರದು ಕಣೋ, ಎಳೀಬೇಕು. ಜಗ್ಗಿದ್ರೆ ಒಂದೋ ಸರಪಳಿ ಹೋಗ್ತದೆ, ಇಲ್ಲ ಅವ್ನ ಗಾಡಿ ಹೋಗ್ತದೆ" ಎನ್ನುತ್ತಿದ್ದ. ಈ ಮಾತನ್ನು ಅವನು ಎಲ್ಲಕ್ಕೂ ಹೇಳುತ್ತಿದ್ದ. ಗಂಡ ಹೆಂಡಿರ ಜಗಳ ಪಂಚಾಯಿತಿಗೆ ಬಂದರೂ ಹುಡುಗಿಯ ತಂದೆಗೆ, "ಜಗ್ಗಬೇಡಿ ಗೌಡ್ರೇ, ಎಳೀರಿ" ಎಂದಿದ್ದ.

ಗಾಡಿ ಬಂದ ವರ್ಷವೇ ಹಳ್ಳ ಬಂದಿತು. ಚಿಂತಾಮಣಿಯ ಕಡೆಯ ಒಂದು ಬಸ್ಸು ಹಳ್ಳದ ನಡುವೆ ಸಿಕ್ಕಿಕೊಂಡು ನೀರು ಅದರ ಮೆಟ್ಟಿಲಿನ ತನಕ ಏರಿತು. ಕಂಡಕ್ಟರು ಓಡುತ್ತ ಊರೊಳಗೆ ಬರುವುದನ್ನು ಜಗುಲಿಯಿಂದಲೇ ಕಂಡೆ. ಎದ್ದು ನಿಂತೆ. ಅವನು ನನ್ನ ಬಾಗಿಲಿಗೆ ಬಂದು, "ಪಿಕಪ್ ಇರೋ ಮನೆ ಯಾವುದು ಸ್ವಾಮಿ?" ಎಂದು ಕೇಳಿದ. ಪಕ್ಕದ ಬಾಗಿಲು ತೋರಿಸಿ ಕೂತುಬಿಟ್ಟೆ. ಆಮೇಲೆ ಮನಸ್ಸು ತಡೆಯದೆ ಎತ್ತುಗಳನ್ನು ಹೊಡೆದುಕೊಂಡು ನಾನೂ ಹಳ್ಳಕ್ಕೆ ಹೋದೆ.

ಮುನಿಶಾಮಣ್ಣ ಆಗಲೇ ಸರಪಳಿ ಸಿಕ್ಕಿಸಿದ್ದ. ನನ್ನನ್ನು ಕಂಡು, "ನಾಣಿ, ಬಾ, ನಿನ್ನ ಎತ್ತು ಮುಂದೆ ಕಟ್ಟು, ಮರಳಲ್ಲಿ ಚಕ್ರ ಜಾರ್ತದೆ" ಎಂದು ಕೂಗಿದ. ಜಾರುವುದಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಅಷ್ಟು ಜನರ ಮುಂದೆ ನನಗೊಂದು ಪಾಲು ಕೊಡಲು ನೋಡಿದ್ದ. "ಹತ್ತು ಜೊತೆ ಐತಲ್ಲ, ಹನ್ನೊಂದನೇದು ಯಾಕೆ?" ಎಂದೆ. ಅವನು ಗಾಡಿಯೊಳಗೆ ಹತ್ತಿ ಕೂತ. ಗಿಡ್ಡ ಕಡ್ಡಿ ಎಳೆದ. ಸರಪಳಿ ಎದ್ದಿತು, ಕಿರ್ರೆಂದಿತು, ಸುಮ್ಮನಾಯಿತು. ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ, ಬರುತ್ತದೆಯೋ ಇಲ್ಲವೋ ಎಂಬ ಗಾಬರಿಯಲ್ಲಿ "ವಸ್ತುಂದಾ ಅಣ್ಣಾ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದ ಹಾಗೇ ಬಸ್ಸು ಕದಲಿತು. ಪಿಕಪ್ ಗಾಡಿ ನಾಲ್ಕು ಚಕ್ರದಲ್ಲೂ ಮರಳು ಕಚ್ಚಿ, ಎಂಜಿನ್ನು ಒಂದೇ ಸಮ ಗೊಣಗುತ್ತ, ಒಳಗಿದ್ದ ಹೆಂಗಸರು ಮಕ್ಕಳ ಸಮೇತ ಅಷ್ಟು ದೊಡ್ಡ ಬಸ್ಸನ್ನು ದಡಕ್ಕೆ ತಂದು ನಿಲ್ಲಿಸಿತು. ಜನ ಗಾಡಿಯ ಬಾನೆಟ್ಟನ್ನು ಎತ್ತಿನ ಬೆನ್ನಿನ ಹಾಗೆ ತಟ್ಟಿದರು. ನಾನು ಕರಿಯ ಬಿಳಿಯನನ್ನು ತಿರುಗಿಸಿಕೊಂಡು ಮನೆಗೆ ಬಂದೆ. ಅವನು ಜಂಬ ಪಟ್ಟಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಒಳ್ಳೆಯವನಾಗಿದ್ದ, ಅದೇ ತಡೆಯಲಾಗಲಿಲ್ಲ.

ಆಮೇಲೆ ನನ್ನ ತಲೆಯಲ್ಲಿ ಒಂದೇ ಆಸೆ ಕೂತಿತು. ಆ ಗಾಡಿ ಒಂದೇ ಒಂದು ಸಲ, ಎಲ್ಲರ ಎದುರಿಗೆ, ಸಿಕ್ಕಿಕೊಂಡು ನಿಲ್ಲಬೇಕು. ಮುನಿಶಾಮಣ್ಣ ನನ್ನ ಬಾಗಿಲಿಗೆ ಬಂದು "ಎತ್ತು ಬಿಡೋ" ಎನ್ನಬೇಕು. ನಾನು ನಿಧಾನವಾಗಿ ಎಲೆಯಡಿಕೆ ಹಾಕಿಕೊಂಡು ಏಳಬೇಕು.

ನಮ್ಮ ಕಡೆ ಕಟಾವು ಮುಗಿದ ಮೇಲೆ ರಾಗಿ, ಹುರಳಿಯನ್ನೆಲ್ಲ ಟಾರು ರಸ್ತೆಯ ಮೇಲೆ ಹರಡುವುದು ರೂಢಿ. ಹೋಗಿ ಬರುವ ಬಸ್ಸು ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಳು ತಾನಾಗಿ ಉದುರುತ್ತದೆ, ಕಣದಲ್ಲಿ ಎತ್ತು ಕಟ್ಟಿ ಕಲ್ಲುಗುಂಡು ಉರುಳಿಸುವ ಕೆಲಸ ತಪ್ಪುತ್ತದೆ. ಅವರವರ ಹೊಲದ ಮುಂದಿನ ರಸ್ತೆ ಅವರವರದು. ಆದರೆ ಅದಕ್ಕೊಂದು ಕಟ್ಟುಪಾಡಿತ್ತು. ಹುರಳಿಯನ್ನು ಗೇಣಿಗಿಂತ ದಪ್ಪ ಹರಡಬಾರದು. ಅದು ಬಳ್ಳಿ, ದಪ್ಪವಾದರೆ ಗಾಡಿಯ ಅಡಿಯಲ್ಲಿ ತಿರುಗುವ ರಾಡಿಗೆ ಸುತ್ತಿಕೊಳ್ಳುತ್ತದೆ. ಇದು ಊರಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ.

ನಮ್ಮ ಹೊಲದ ಮುಂದೆ ಮೋರಿಯ ಹತ್ತಿರ ರಸ್ತೆ ತಗ್ಗಾಗಿತ್ತು. ಆ ವರ್ಷ ಸಂಕ್ರಾಂತಿಗೆ ಎಂಟು ದಿನ ಇರುವಾಗ ನಾನು ಹುರಳಿ ಹರಡಿದೆ. ಮೊದಲಿಗೆ ಎಲ್ಲರಂತೆ ತೆಳ್ಳಗೆ. ತಗ್ಗು ಬಂದ ಕಡೆ ಮಾತ್ರ ಹೊರೆ ಹೊರೆಯಾಗಿ ತುಂಬಿ ಮೇಲೆ ಸಮ ಮಾಡಿದೆ. ದೂರದಿಂದ ನೋಡಿದರೆ ಎಲ್ಲ ಒಂದೇ ದಪ್ಪ ಕಾಣಬೇಕು. ಮುನಿಶಾಮಣ್ಣ ಕಳವಾರದ ಕಡೆಯಿಂದ ಟ್ರೈಲರಿನಲ್ಲಿ ಕಲ್ಲುಕಂಬ ತುಂಬಿಕೊಂಡು, ಶಿಡ್ಲಘಟ್ಟದ ಹತ್ತಿರ ಯಾರೋ ಹಾಕಿಸುತ್ತಿದ್ದ ದ್ರಾಕ್ಷಿ ಚಪ್ಪರಕ್ಕೆ ಹೊಡೆಯುತ್ತಿದ್ದ. ಅಷ್ಟು ಭಾರ ಹಿಂದಿದ್ದಾಗ ಬಳ್ಳಿ ಸುತ್ತಿಕೊಂಡರೆ ಗಾಡಿ ಆ ತಗ್ಗಿನಲ್ಲೇ ನಿಂತುಹೋಗುತ್ತದೆ ಎಂಬುದು ನನ್ನ ಲೆಕ್ಕ.

ಜಯಮ್ಮ ಹೊರೆ ಇಳಿಸುತ್ತ, "ಇಷ್ಟು ದಪ್ಪ ಯಾಕ್ರೀ?" ಎಂದಳು. "ನೀನು ಸುಮ್ನೆ ಹಾಕು" ಎಂದೆ. ಅವಳು ಆ ಕಡೆ ನೊಗ ಕಟ್ಟಿ ನಿಲ್ಲಿಸಿದ್ದ ಎತ್ತುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಇನ್ನೊಂದು ಹೊರೆ ತಂದು ಹಾಕಿದಳು.

ಹೊತ್ತು ನೆತ್ತಿಗೆ ಬರುವಾಗ ಪಿಕಪ್ ಬಂತು. ಮೋರಿಯ ಮುಂಚೆ ನಿಧಾನ ಮಾಡಿದ, ನನಗೆ ಕೈ ಎತ್ತಿದ, ಹುರಳಿಯ ಮೇಲೆ ಹತ್ತಿಸಿದ. ತಗ್ಗಿನಲ್ಲಿ ಇಳಿದಾಗ ಟೈರು ಅರ್ಧ ಮುಳುಗಿತು. ಎಂಜಿನ್ನಿನ ದನಿ ದಪ್ಪವಾಯಿತು. ಗಾಡಿ ನಿಲ್ಲಲಿಲ್ಲ. ಕಂಬದ ಟ್ರೈಲರನ್ನೂ ಎಳೆದುಕೊಂಡು ಒಂದೊಂದೇ ಮಾರು ಮುಂದೆ ಬಂತು. ನಾನು ಮನಸ್ಸಿನಲ್ಲಿ ನಿಲ್ಲು ನಿಲ್ಲು ಎನ್ನುತ್ತಿದ್ದೆ. ಅದರ ಅಡಿಯಿಂದ ಹೊಗೆ ಬಂತು, ಆಮೇಲೆ ಬೆಂಕಿ. ರಾಡಿಗೆ ಸುತ್ತಿಕೊಂಡ ಬಳ್ಳಿಗೆ ಕಾದ ಸೈಲೆನ್ಸರ್ ಪೈಪು ತಾಕಿ ಹೊತ್ತಿಕೊಂಡಿತ್ತು. ಅದು ನನ್ನ ಲೆಕ್ಕದಲ್ಲಿರಲಿಲ್ಲ. ದೇವರಾಣೆ ಇರಲಿಲ್ಲ.

ಮುನಿಶಾಮಣ್ಣ ಉರಿಯುವ ಗಾಡಿಯನ್ನೇ ತಗ್ಗಿನಿಂದ ಹತ್ತಿಸಿಕೊಂಡು ಬೋಳು ರಸ್ತೆಗೆ ಬಂದು, ಇಳಿದು, ಯಾರದೋ ಕುಡುಗೋಲು ಕಿತ್ತುಕೊಂಡು ಗಾಡಿಯಡಿಗೆ ನುಗ್ಗಿದ. ಬಳ್ಳಿ ಕೊಯ್ದು ಕೊಯ್ದು ಹೊರಗೆ ಎಸೆದ. ಅಕ್ಕಪಕ್ಕದ ಹೊಲದವರು ಓಡಿ ಬಂದು ಮಣ್ಣು ತೂರಿದರು. ಇತ್ತ ರಸ್ತೆಯ ಮೇಲಿದ್ದ ನನ್ನ ಹುರಳಿಯೂ ಪೂರ್ತಿ ಹೊತ್ತಿಕೊಂಡಿತು. ನನ್ನ ಕರಿಯ ಬಿಳಿಯ ಬೆಂಕಿ ಕಂಡು ನೊಗದ ಸಮೇತ ಕೆರೆಯ ಕಡೆ ಓಡಿಹೋದವು. ಅವನು ಹೊರಗೆ ಬಂದಾಗ ಎರಡೂ ಮುಂಗೈ ಸುಟ್ಟು ಬೊಬ್ಬೆ ಎದ್ದಿದ್ದವು. ಗಾಡಿಯ ವೈರುಗಳೆಲ್ಲ ಸುಟ್ಟಿದ್ದವು, ಹೊಸ ಬಣ್ಣ ಅರ್ಧಕ್ಕರ್ಧ ಕಪ್ಪಾಗಿತ್ತು.

ಯಾರೂ ನನ್ನನ್ನು ಬೈಯಲಿಲ್ಲ. ಹುರಳಿ ಎಲ್ಲರೂ ಹರಡುತ್ತಾರೆ, ನೋಡಿಕೊಂಡು ಹೋಗುವುದು ಡ್ರೈವರನ ಕೆಲಸ. ಎಷ್ಟು ದಪ್ಪ ಇತ್ತೆಂದು ಹೇಳಲು ಬೂದಿ ಬಿಟ್ಟು ಏನೂ ಉಳಿದಿರಲಿಲ್ಲ. ಮುನಿಶಾಮಣ್ಣನೇ ಕೈಗೆ ಬಾಳೆ ಎಲೆ ಸುತ್ತಿಕೊಂಡು ಕೂತು, "ತಪ್ಪು ನಂದೇ ಕಣೋ. ಕಣ್ಣಳತೆ ತಪ್ತು. ಗೇಣು ಅಂದ್ಕೊಂಡೆ, ಆ ತಗ್ಗು ಮರ್ತೇಬಿಟ್ಟೆ. ನಿನ್ನ ಹುರಳೀನೂ ಸುಟ್ಟೆ" ಎಂದ. ನನ್ನ ಹುರಳಿಗೆ ಅವನು ಮರುಗುತ್ತಿದ್ದ. ಆಗಲೇ ಹೇಳಬೇಕಿತ್ತು. ಎತ್ತು ಹುಡುಕುವ ನೆಪ ಹೇಳಿ ಕೆರೆಯ ಕಡೆ ಎದ್ದುಹೋದೆ. ಮನೆಗೆ ಬಂದ ಮೇಲೆ ಜಯಮ್ಮ, "ನಾನಂತೂ ಹೇಳಲ್ಲ. ನೀವೇ ಹೇಳ್ಬೇಕು" ಎಂದಳು. ಅವಳು ಅದನ್ನು ಎರಡನೇ ಸಲ ಹೇಳಲಿಲ್ಲ.

ಗಾಡಿ ರಿಪೇರಿಯಾಯಿತು. ಮುನಿಶಾಮಣ್ಣ ಮಾತ್ರ ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ. ಹುಟ್ಟಿದೂರಿನ ರಸ್ತೆಯ ತಗ್ಗು ಮರೆತವನು ಇನ್ನೊಬ್ಬರ ಬಸ್ಸಿಗೆ ಸರಪಳಿ ಹಾಕಬಾರದು ಎಂದ. ಎಲ್ಲರೂ ಹೇಳಿ ನೋಡಿದರು. ಕೊನೆಗೆ ಗೌರಿಬಿದನೂರಿನ ಒಬ್ಬರಿಗೆ ಗಾಡಿ ಮಾರಿದ. ಅದು ಹೋದ ದಿನ ಬೀದಿಯ ತಿರುವಿನ ತನಕ ಹಿಂದೆ ನಡೆದುಕೊಂಡು ಹೋಗಿ ಬಂದ. ಆಮೇಲೆ ಹಳ್ಳದಲ್ಲಿ ಗಾಡಿ ಹೂತರೆ ಜನ ನನ್ನ ಬಾಗಿಲಿಗೆ ಬರತೊಡಗಿದರು. ನಾನು ಬಯಸಿದ್ದು ಅದನ್ನೇ. ನಿಧಾನವಾಗಿ ಏಳಲು ಆಗುತ್ತಿರಲಿಲ್ಲ. ಕರೆದ ಕೂಡಲೇ ಎದ್ದು ಓಡುತ್ತಿದ್ದೆ, ಪಕ್ಕದ ಜಗುಲಿಯಲ್ಲಿ ಕೂತಿರುವವನ ಮುಖ ನೋಡದೆ. ಅವನು ಕೂತಲ್ಲಿಂದಲೇ "ಜಗ್ಗಬೇಡ್ವೋ ನಾಣಿ" ಎಂದು ಕೂಗಿ ಹೇಳುತ್ತಿದ್ದ.

ಹೀಗೆ ಹತ್ತು ವರ್ಷ ಹೋಯಿತು. ಹಳ್ಳಕ್ಕೆ ಸೇತುವೆ ಬಂತು, ನನ್ನ ಎತ್ತುಗಳು ಹೋದವು, ದೊಡ್ಡಮ್ಮ ಹೋದಳು. ಮುನಿಶಾಮಣ್ಣ ಶ್ವಾಸಕೋಶದ ಕಾಯಿಲೆ ಬಂದು ಹಾಸಿಗೆ ಹಿಡಿದ. ಒಂದು ಬೆಳಗ್ಗೆ ನಾನು ಹೋಗಿ ಅವನ ಮಂಚದ ಪಕ್ಕ ಕೂತೆ. ಅತ್ತಿಗೆ ಅವನಿಗೆ ಗಂಜಿ ಕುಡಿಸಿ ಒಳಗೆ ಹೋದಳು.

"ಅಣ್ಣಯ್ಯ, ಆ ಮೋರಿ ತಗ್ಗಲ್ಲಿ ಹುರಳಿ ನಾನು ಬೇಕು ಅಂತ್ಲೇ ತುಂಬಿದ್ದೆ. ನಿನ್ನ ಗಾಡಿ ನಿಂತೋಗ್ಲಿ ಅಂತ. ನನ್ನ ಎತ್ತು ಕಟ್ಟಿ ಎಳೀಬೇಕು ಅಂತ. ಹೊಟ್ಟೆಕಿಚ್ಚಿಗೆ."

ಬೈಯಲಿ, ಉಗಿಯಲಿ ಎಂದು ತಲೆ ತಗ್ಗಿಸಿ ಕಾದೆ.

"ಎಷ್ಟು ದಪ್ಪ ಹಾಕಿದ್ದೆ?" ಎಂದ.

"ಮಂಡಿ ತನಕ."

"ಮಂಡಿ ತನಕ" ಎಂದು ತನಗೇ ಹೇಳಿಕೊಂಡ. ಬೆರಳು ಮಡಿಸುತ್ತ, "ಹಿಂದೆ ಕಂಬದ ಟ್ರೈಲರು. ರಾಡಿಗೆ ಬಳ್ಳಿ. ಮೇಲೆ ಏರು ಬೇರೆ" ಎಂದ. ಮೆಲ್ಲಗೆ ಮೊಣಕೈ ಊರಿ ಎದ್ದು ಕೂತ. ಆ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಗಾಡಿ ಬಂದ ದಿನ ಬಿಟ್ಟರೆ ನೋಡಿರಲಿಲ್ಲ. "ಲೇ ಇವಳೇ, ಬಾ ಇಲ್ಲಿ. ಮಂಡಿಯುದ್ದ ಇತ್ತಂತೆ ಕಣೇ ಹುರಳಿ. ಮಂಡಿಯುದ್ದದಲ್ಲಿ ಎಳ್ಕೊಂಡು ಬಂತು. ಬೆಂಕಿ ಹತ್ಕೊಂಡ್ರೂ ನಿಲ್ಲಲಿಲ್ಲ ನೋಡು, ಎಂಥ ಗಾಡಿ. ಹತ್ತು ಜೊತೆ ಅಂತಿದ್ದೆ, ಹದಿನೈದಕ್ಕೆ ಕಡಿಮೆ ಇಲ್ಲ" ಎಂದು ಕೆಮ್ಮಿ ಕೆಮ್ಮಿ ನಕ್ಕ. ನನ್ನನ್ನು ಬೈಯುವುದಿರಲಿ, ನಾನು ಕೂತಿರುವುದೇ ಅವನಿಗೆ ಮರೆತಿತ್ತು. ನಾಚಿಕೆಯಿಂದ ಸತ್ತುಹೋಗಬೇಕಾದ ಆ ಹೊತ್ತಿನಲ್ಲೂ ನನಗೆ ಅವನ ಆ ನಗು ಕಂಡು ಹೊಟ್ಟೆ ಉರಿಯಿತು. ಹಾಗೆ ನಗಲು ನನ್ನ ಹತ್ತಿರ ಏನೂ ಇರಲಿಲ್ಲ.

ಅದಾದ ಮೇಲೆ ಅವನು ಬದುಕಿದ್ದು ಹದಿನೆಂಟು ದಿನ. ನೋಡಲು ಬಂದವರಿಗೆಲ್ಲ ಇದೇ ಕತೆ. ಮಂಡಿಯುದ್ದ ಹುರಳಿ, ಕಂಬದ ಟ್ರೈಲರು. ಹೇಗೆ ಗೊತ್ತಾಯಿತು ಎಂದು ಕೇಳಿದವರಿಗೆ "ಈಗ ಲೆಕ್ಕ ಸಿಕ್ತು" ಎನ್ನುತ್ತಿದ್ದನಂತೆ. ನನ್ನ ಹೆಸರು ಹೇಳಲಿಲ್ಲ.

ಮಣ್ಣು ಮಾಡಿ ಬಂದು ಅವನ ಜಗುಲಿಯ ಮೇಲೆ ಎಲ್ಲರೂ ಕೂತಿದ್ದೆವು. ಊರಿನ ಒಬ್ಬರು ಗಾಡಿಯ ಮಾತೆತ್ತಿದರು. "ಪಾಪ, ಕೊನೇಲಿ ಮಂಡಿಯುದ್ದ ಹುರಳಿ ಅಂತಿದ್ದ. ಅಷ್ಟು ದಪ್ಪ ಯಾರಾದ್ರೂ ಹಾಕ್ತಾರಾ? ಕಣ್ಣಳತೆ ತಪ್ಪಿದ್ದು ತಪ್ಪಿದ್ದೇ. ಗಾಡಿ ಮೇಲಿನ ಆಸೆಗೆ ಏನೋ ಕಟ್ಕೊಂಡು ಹೇಳ್ದ" ಎಂದರು. ಕೆಲವರು ತಲೆ ಆಡಿಸಿದರು. ಇನ್ನೊಬ್ಬರು, "ನಾಣಪ್ಪನೇ ಇದಾನಲ್ಲ, ಇವ್ನದ್ದೇ ಹುರಳಿ. ಹೇಳಪ್ಪ, ಮಂಡಿಯುದ್ದ ಇತ್ತಾ?" ಎಂದರು. ಬಾಗಿಲಲ್ಲಿ ಕಂಬಕ್ಕೊರಗಿ ಕೂತಿದ್ದ ಅತ್ತಿಗೆ ತಲೆ ಎತ್ತಿ ನನ್ನನ್ನೇ ನೋಡಿದಳು.

"ಮಂಡಿಗಿಂತ ಎರಡು ಬೆರಳು ಜಾಸ್ತಿನೇ ಇತ್ತು" ಎಂದೆ. "ನಾನೇ ಹಾಕಿದ್ದು, ಬೇಕು ಅಂತ. ಅವನ ಕಣ್ಣಳತೆ ಸರಿಯಾಗೇ ಇತ್ತು."